ರಾಜಗೋಪಾಲನಗರದ ಎರಡನೆಯ ಬಸಿರು

ಬೆಳಿಗ್ಗೆ ವೈಟ್‌ಫೀಲ್ಡಿನಲ್ಲಿ ಮೆಟ್ರೊ ಹತ್ತಿದೆ. ಪೀಣ್ಯಕ್ಕೆ ತೊಂಬತ್ತು ರೂಪಾಯಿ; ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸುವ ನೂಕುನುಗ್ಗಲು ಉಚಿತ. ಇಪ್ಪತ್ತು ತುಂಬುವ ಮೊದಲೇ ಎರಡನೆಯ ಸಲ ಬಸಿರಾಗುವ ಹುಡುಗಿಯರ ಬಗ್ಗೆ ನನ್ನ ಅಧ್ಯಯನ. ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ನಾನು ಪ್ರಶ್ನೆ ಶುರುಮಾಡುತ್ತಿದ್ದೆ.

ಪೀಣ್ಯದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ರಾಜಗೋಪಾಲನಗರಕ್ಕೆ ಆಟೊದವನು ಎಂಬತ್ತು ಕೇಳಿ ಅರವತ್ತಕ್ಕೆ ಒಪ್ಪಿದ. ಹಿಂದೆ ನನ್ನೊಡನೆ ಮಾತಾಡಿದ್ದ ಹೆಂಗಸೊಬ್ಬಳು ಪಕ್ಕದ ವಠಾರದ ರೇಣುಕಾಳ ಮನೆಗೂ ಹೋಗಿ ಎಂದಿದ್ದಳು. ಒಂದೇ ಕೋಣೆಯ ಮನೆ. ಗೋಡೆಯಾಚೆ ಲೇತ್ ಶೆಡ್ಡಿನ ಸದ್ದು. ಎರಡು-ಮೂರು ವರ್ಷದ ಹೆಣ್ಣುಮಗುವೊಂದನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ ರೇಣುಕಾ ಹತ್ತೊಂಬತ್ತರ ತುಂಬು ಬಸುರಿ. ಶಿರಾ ಕಡೆಯವರಾದ ಅವಳ ಅತ್ತೆ ಮಂಜಮ್ಮ ನನಗೆ ಕಾಫಿ ಕೊಟ್ಟು, ಪ್ರಶ್ನೆಗಳಿಗೆಲ್ಲ ತಾವೇ ಉತ್ತರವನ್ನೂ ಕೊಟ್ಟರು.

“ಇದೇ ಮೊದಲ್ನೇದು ಕಣಮ್ಮ. ಈ ಪುಟ್ಟಿ ಇವಳ ತಂಗಿ, ಊರಿಂದ ಬಂದೈತೆ.”

ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ಎದ್ದೆ. ಕೈಗೆ ನೀರು ಹಾಕುವ ನೆಪದಲ್ಲಿ ರೇಣುಕಾ ನಲ್ಲಿಯ ಹತ್ತಿರ ಬಂದಳು.

“ಅಕ್ಕ, ಪುಟ್ಟಿ ನನ್ ಮಗಳು. ಊರಲ್ಲಿ ಮನೇಲೇ ಹೆರಿಗೆ ಆಗಿದ್ದು. ರಕ್ತ ನಿಲ್ಲಲೇ ಇಲ್ಲ, ಸತ್ತೇ ಹೋಗ್ತೀನಿ ಅಂದ್ಕೊಂಡಿದ್ದೆ. ಆಗ ನಂಗೆ ಹದಿನಾರು. ಆಸ್ಪತ್ರೇಲಿ ಗೊತ್ತಾದ್ರೆ ನನ್ ಗಂಡನ್ನ ಪೊಲೀಸ್ನೋರು ಎತ್ತಾಕ್ಕೊಂಡೋಗ್ತಾರಂತೆ.”

ಹೋದ ಸಲದ ಕಥೆ ಗೊತ್ತಿರದಿದ್ದರೆ ಈ ಸಲ ಡಾಕ್ಟರು ರಕ್ತ ಸಿದ್ಧವಿಟ್ಟುಕೊಳ್ಳುವುದಿಲ್ಲ. ಅವಳ ಜೀವಕ್ಕೇ ಅಪಾಯ.

“ಡಾಕ್ಟರಿಗೆ ಹೇಳಲೇಬೇಕು ಕಣಮ್ಮ.”

“ನೀವು ಹೇಳ್ಬೇಡಿ. ಮಾತು ಕೊಟ್ಟಿದೀರ.”

ಕೊಟ್ಟ ಮಾತಿನ ಮೇಲೆ ನನಗೇ ಸಿಟ್ಟು ಬಂತು.

ಅವಳ ತಪಾಸಣೆ ಅಂದೇ ಇತ್ತು. ನಾನೂ ಬರುತ್ತೇನೆಂದು ಅವರ ಜೊತೆ ಆಟೊ ಹತ್ತಿದೆ. ದಾರಿಯುದ್ದಕ್ಕೂ ಮಂಜಮ್ಮ ಮೊಮ್ಮಗಳಿಂದ ಪಾಠ ಒಪ್ಪಿಸಿಕೊಂಡರು.

“ಅಲ್ಲಿ ಇವಳನ್ನ ಏನಂತ ಕರೀಬೇಕು?”

“ಅಕ್ಕ.”

“ಜಾಣೆ,” ಎಂದು ಬಾಳೆಹಣ್ಣು ಸುಲಿದು ಕೊಟ್ಟರು. ನನಗೆ ರೇಣುಕಾಳ ಮುಖ ನೋಡಲಾಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು, “ಮೊದಲನೇದಾ?”

“ಊಂ ಮೇಡಂ, ಮೊದಲ್ನೇದೇಯ,” ಎಂದರು ಮಂಜಮ್ಮ.

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ರೇಣುಕಾ ವೇಲಿನ ಅಂಚು ತಿರುಚುತ್ತ ನೆಲ ನೋಡುತ್ತಿದ್ದಳು. ಅಷ್ಟರಲ್ಲಿ ಮಗು ಅವಳತ್ತ ಕೈ ಚಾಚಿತು. “ಅಕ್ಕಾ, ಎತ್ಕೋ.”

ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. “ಅಕ್ಕ ಅಲ್ಲ ಕಣೇ. ಅಮ್ಮ ಅನ್ನು.” ಆಮೇಲೆ ಡಾಕ್ಟರ ಕಡೆ ತಿರುಗಿದಳು. “ಇದು ಎರಡ್ನೇದು ಮೇಡಂ. ಮೊದಲ್ನೇದರಲ್ಲಿ ತುಂಬಾ ರಕ್ತ ಹೋಗಿತ್ತು.”

ಡಾಕ್ಟರಮ್ಮ ಅವಳನ್ನು ಅಲ್ಲೇ ದಾಖಲಿಸಿಕೊಂಡು ರಕ್ತಕ್ಕೆ ಹೇಳಿ ಕಳಿಸಿದರು. ಗಂಡನ ವಿಷಯ ಆಗ ಯಾರೂ ಎತ್ತಲಿಲ್ಲ. ನಾಳೆ ಎತ್ತುತ್ತಾರೆ ಎಂಬ ದಿಗಿಲು ಮಂಜಮ್ಮನ ಮುಖದಲ್ಲಿತ್ತು, ನನ್ನೊಳಗೂ ಇತ್ತು.

ಮೆಟ್ರೊ ಹಿಡಿಯಲು ಹೊರಟವಳು ವಾರ್ಡಿನ ಬಾಗಿಲಲ್ಲಿ ತಿರುಗಿ ನೋಡಿದೆ. ಮಂಚದ ಪಕ್ಕ ನಿಂತಿದ್ದ ಪುಟ್ಟಿ “ಅಮ್ಮ” ಅಂದಳು. ಅಂದವಳೇ ಬಾಯಿಗೆ ಕೈ ಅಡ್ಡ ಹಿಡಿದು ಅಜ್ಜಿಯ ಮುಖ ನೋಡಿದಳು.