ಇಳಕಲ್ಲಿನ ಹಸಿ ನೆಲ

ನಂಬದವರು ಇಳಕಲ್ಲಿಗೆ ಬನ್ನಿ, ಆ ನೆಲವನ್ನೇ ತೋರಿಸುತ್ತೇನೆ. ಅದು ಈಗಲೂ ಅಲ್ಲೇ ಇದೆ. ಸೀರೆ ಕೊಳ್ಳಲು ಬಂದವರು ಅದರ ಮೇಲೇ ಓಡಾಡುತ್ತಾರೆ, ಮಕ್ಕಳು ಅದರಲ್ಲಿ ಮುಖ ನೋಡಿಕೊಂಡು ನಗುತ್ತವೆ. ಅಂಗಡಿಯ ಹೆಸರನ್ನು ಮಾತ್ರ ಕೇಳಬೇಡಿ. ಮಾಲಕರು ಒಳ್ಳೆಯವರು. ನನ್ನ ಮಾತಿನಿಂದ ಅವರ ವ್ಯಾಪಾರ ಕೆಡಬಾರದು.

ನಾನು ಬಸವರಾಜ, ಬಾಗಲಕೋಟೆಯ ನವನಗರದವನು. ನಾನು ಮತ್ತು ಗೆಳೆಯ ರಾಜೇಸಾಬ ಸೇರಿ ಎಪಾಕ್ಸಿ ನೆಲ ಹಾಕುವ ಕೆಲಸ ಮಾಡುತ್ತೇವೆ. ಗ್ಯಾರೇಜು, ಬೈಕ್ ಶೋರೂಮು, ದವಾಖಾನೆ, ಎಲ್ಲಿ ಕರೆದರೂ ಹೋಗುತ್ತೇವೆ. ಎರಡು ಡಬ್ಬಿಯ ದ್ರವ ಕೂಡಿಸಿ, ಕಾಂಕ್ರೀಟ್ ನೆಲದ ಮೇಲೆ ಸುರಿದು ಹರಡಬೇಕು. ಗಟ್ಟಿಯಾದ ಮೇಲೆ ಕನ್ನಡಿಯಂತೆ ಹೊಳೆಯುತ್ತದೆ. ಅದರಲ್ಲಿ ಮಿನುಗುವ ಪುಡಿ ಬೆರೆಸಿದರಂತೂ ಮೋಡ ಕರಗಿದ ಹಾಗೆ, ಹೊಳೆ ಹರಿದ ಹಾಗೆ ಚಿತ್ತಾರ ಬರುತ್ತದೆ.

ನಮ್ಮ ಕಡೆಯ ಬಿಸಿಲಿನಲ್ಲಿ ಈ ಕೆಲಸ ಹಗಲು ಮಾಡಲಾಗುವುದಿಲ್ಲ. ನೆಲ ಕಾಯ್ದರೆ ಒಳಗಿನ ಗಾಳಿ ಮೇಲೆದ್ದು ಗುಳ್ಳೆಯಾಗುತ್ತದೆ, ಸುರಿದದ್ದು ಹರಡುವ ಮೊದಲೇ ಬಿಗಿಯುತ್ತದೆ. ಹಾಗಾಗಿ ಹೊತ್ತು ಮುಳುಗಿ, ನೆಲ ತಣ್ಣಗಾದ ಮೇಲೆಯೇ ನಮ್ಮ ಕೆಲಸ. ರಾತ್ರಿ ನಮಗೆ ಹೊಸದಲ್ಲ. ರಾಜೇಸಾಬನಂತೂ ಕೆರೂರಿನ ಹೊರಗೆ, ಸುಡುಗಾಡಿನ ಮಗ್ಗುಲಿನ ಗೋದಾಮಿನಲ್ಲಿ ಒಬ್ಬನೇ ಮಲಗಿ ಗೊರಕೆ ಹೊಡೆದವನು.

ಇಳಕಲ್ಲಿನ ಅಂಗಡಿ ಒಂದು ಹಳೆಯ ಉದ್ದನೆಯ ಕಟ್ಟಡ. ಮಾಲಕರಾದ ಸಾವಕಾರರು ತಾವೇ ಬಂದು ಬೀಗ ತೆಗೆದರು.

"ನಮ್ಮಪ್ಪಾರ ಕಾಲಕ್ಕ ಇಲ್ಲೆ ಸಾಲಿಗೆ ಕುಣಿಮಗ್ಗ ಇದ್ದೂರಿ," ಎಂದರು. "ನೆಲದ ಮ್ಯಾಲ ಕುಂತು, ಕಾಲು ಕುಣ್ಯಾಗ ಇಳಿಬಿಟ್ಟು ತುಳಿಯೂ ಮಗ್ಗ. ಈಗ ಎಲ್ಲಾ ಕುಣಿ ಮುಚ್ಚಿಸಿ ಕಾಂಕ್ರೀಟ್ ಹಾಕ್ಸೇನಿ. ನೆಲ ಕುಸಿಯೂದಿಲ್ಲ, ಚಿಂತಿ ಬ್ಯಾಡ್ರಿ."

ನಾನು ಹಿಂದಿನ ದಿನವೇ ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಹೋಗಿದ್ದೆ. ಒಳಗೆ ತೇವವಿದ್ದರೆ ಹಾಳೆಯ ಕೆಳಗೆ ಹನಿ ಕಟ್ಟುತ್ತದೆ. ಒಂದು ಹನಿಯೂ ಇರಲಿಲ್ಲ. ನೆಲ ಒಣಗಿ ಎಲುಬಿನಂತಾಗಿತ್ತು.

ಸಾವಕಾರರು ಮನೆಗೆ ಹೋದರು. ನಾವು ಕಿಟಕಿ, ಶಟರು ಎಲ್ಲ ತೆರೆದಿಟ್ಟು, ಮಾಸ್ಕ್ ಕಟ್ಟಿಕೊಂಡು ಶುರು ಮಾಡಿದೆವು. ನಡುರಾತ್ರಿಯ ಹೊತ್ತಿಗೆ ಹಿಂದಿನ ಗೋಡೆಯಿಂದ ಬಾಗಿಲ ತನಕ ಇಡೀ ನೆಲ ಕಡುನೀಲಿ, ನಡುವೆ ಬೆಳ್ಳಿ ಗೆರೆ... ಅಷ್ಟು ಚೆಂದದ ನೆಲ ನಾವು ಮೊದಲು ಹಾಕಿರಲಿಲ್ಲ. ಹೊಸ್ತಿಲ ಹೊರಗೆ ಕೂತು, ಮಾಸ್ಕ್ ಕೆಳಗಿಳಿಸಿ ರೊಟ್ಟಿ ಬಿಚ್ಚಿದೆವು.

ಆಗ ಕೇಳಿಸಿತು.

ಖಟ್... ಖಟ್... ಸ್ವಲ್ಪ ತಡೆದು ಮತ್ತೆ... ಖಟ್... ಖಟ್...

"ಬಾಜೂ ಓಣ್ಯಾಗ ಯಾರೋ ನೇಯಾಕತ್ತಾರ," ಎಂದ ರಾಜೇಸಾಬ.

"ಇಷ್ಟೊತ್ತಿನ್ಯಾಗ?"

"ಲಗ್ನದ ಸೀರಿ ಇರಬೇಕು ತಗೋ. ನೀ ರೊಟ್ಟಿ ತಿನ್ನು."

ನಾನು ತಿನ್ನಲಿಲ್ಲ. ಒಳಗಿನಿಂದ ಒಂದು ವಾಸನೆ ಬಂದಿತ್ತು. ಎಪಾಕ್ಸಿಯ ವಾಸನೆ ನನಗೆ ನನ್ನ ಅಂಗಿಯ ವಾಸನೆಯಷ್ಟೇ ಪರಿಚಿತ. ಇದು ಅದಲ್ಲ. ನೂಲಿಗೆ ಹಚ್ಚುವ ಗಂಜಿ ಹುಳಿಯಾದರೆ ಬರುತ್ತದಲ್ಲ... ಅದು. ಜೊತೆಗೆ ಬಹಳ ಹೊತ್ತು ಕೂತವರ ಮೈಯ ಬೆವರು.

ತಿರುಗಿ ನೋಡಿದೆ. ನೆಲದ ನಟ್ಟನಡುವೆ ಒಂದು ಗುಳ್ಳೆ ಎದ್ದಿತ್ತು. ಅದರ ಈಚೆ ಇನ್ನೊಂದು. ಖಟ್ ಎಂದಾಗ ಒಂದು, ಮತ್ತೆ ಖಟ್ ಎಂದಾಗ ಇನ್ನೊಂದು... ಒಂದೇ ಸಾಲಿನಲ್ಲಿ, ಗೋಡೆಯ ಕಡೆಯಿಂದ ನಮ್ಮ ಕಡೆಗೆ.

"ರಾಜಾ... ಗುಳ್ಳಿ ನೋಡಲೇ."

ಅವನು ನೋಡಿದ. ಅವನಿಗೆ ಕಂಡದ್ದು ಕೆಡುತ್ತಿರುವ ಕೆಲಸ ಮಾತ್ರ. ಬೈಯುತ್ತ ಎದ್ದು ಮುಳ್ಳಿನ ಬೂಟು ಕಟ್ಟಿಕೊಂಡ. ಅಡಿಯಲ್ಲಿ ಉದ್ದ ಮೊಳೆಗಳಿರುವ ಬೂಟು ಅವು. ಹಸಿ ನೆಲದ ಮೇಲೆ ನಡೆದರೂ ಗುರುತು ಉಳಿಯುವುದಿಲ್ಲ, ಮೊಳೆ ಚುಚ್ಚಿದ ಜಾಗ ತಾನೇ ಕೂಡಿಕೊಳ್ಳುತ್ತದೆ. ಒಂದೇ ಜೊತೆ ತಂದಿದ್ದೆವು. ಗುಳ್ಳೆ ಒಡೆಯುವ ಗ್ಯಾಸ್ ಬತ್ತಿ ಹಿಡಿದು ಅವನು ಮೆಲ್ಲಗೆ ಒಳಗೆ ನಡೆದ.

ನಡುವೆ ಹೋಗಿ ಬಗ್ಗಿದ. ಮತ್ತೆ ಏಳಲಿಲ್ಲ.

"ಏನಾತು?"

ಅವನ ಕೈಯ ಬತ್ತಿ ಆರಿತು. ಗಾಳಿ ಇರಲಿಲ್ಲ.

"ಬಸು..." ಅವನ ದನಿ ಸಣ್ಣದಾಗಿತ್ತು. "ಕೆಳಗ ಯಾರೋ ಅದಾರಲೇ."

ಬಾಗಿಲಲ್ಲಿದ್ದ ದೊಡ್ಡ ದೀಪವನ್ನು ಆ ಕಡೆ ತಿರುಗಿಸಿದೆ. ಆ ನೀಲಿ ಬಣ್ಣದಲ್ಲಿ ಕೆಳಗಿನದು ಏನೂ ಕಾಣುವುದಿಲ್ಲ, ನಾನೇ ಕಲಸಿದ್ದೆ. ಅದರ ಕೆಳಗಿರುವುದು ಗಟ್ಟಿ ಕಾಂಕ್ರೀಟು. ಆದರೂ ನಾನು ಕಂಡೆ. ಗಾಜಿನ ಕೆಳಗೆ ಕಂಡಂತೆ, ರಾಜೇಸಾಬನ ಪಾದದ ಹತ್ತಿರ, ನೆಲದ ಒಳಗೆ... ಎರಡು ಕಾಲುಗಳು. ಮೊಣಕಾಲಿನಿಂದ ಕೆಳಗೆ ಅಷ್ಟೇ. ಬಡಕಲು ಕಾಲುಗಳು. ಒಂದು ಕೆಳಗೆ ಹೋದರೆ ಇನ್ನೊಂದು ಮೇಲೆ ಬರುತ್ತಿತ್ತು. ತುಳಿಯುತ್ತಿದ್ದವು.

ನೆಲದ ಮೇಲೆ ಕೂತವರು ಯಾರೂ ಇರಲಿಲ್ಲ. ಬರೀ ಗಾಳಿ.

ಖಟ್... ಖಟ್...

ನಿಂತಿತು. ಕಾಲುಗಳೂ ನಿಂತವು. ಆಮೇಲೆ ಎರಡೂ ಪಾದಗಳು ಮೆಲ್ಲಗೆ ಹೊರಳಿ, ಬೆರಳುಗಳು ನನ್ನ ಕಡೆಗೆ ತಿರುಗಿದವು...

"ಬಸು, ಕಾಲು ಹಿಡದಾರಲೇ! ಬಿಡವಲ್ರಲೇ!"

ಗೆಳೆಯನ ಬಾಯಿಂದ ಅಂಥ ಕೂಗು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಓಡಿಹೋಗಬೇಕೆನಿಸಿತು, ಸುಳ್ಳು ಹೇಳುವುದಿಲ್ಲ. ರಸ್ತೆಯ ಕಡೆ ಒಂದು ಹೆಜ್ಜೆ ಇಟ್ಟೂಬಿಟ್ಟಿದ್ದೆ. ಆದರೆ ಅವನ ಮನೆಯಲ್ಲಿ ನಾನು ಉಂಡಿದ್ದೇನೆ, ನನ್ನ ಮಗಳ ಹೆಸರಿಡುವಾಗ ತೊಟ್ಟಿಲು ತಂದವನು ಅವನು. ಕಾಲಲ್ಲಿದ್ದ ಚಪ್ಪಲಿಯಲ್ಲೇ ಹಸಿ ನೆಲಕ್ಕೆ ನುಗ್ಗಿದೆ.

ಪ್ರತಿ ಹೆಜ್ಜೆಗೂ ಜಾರುತ್ತಿತ್ತು, ಅಂಟುತ್ತಿತ್ತು. ಒಂದು ಚಪ್ಪಲಿ ಅಲ್ಲೇ ಕಚ್ಚಿಕೊಂಡು ಉಳಿಯಿತು. ಬರಿಗಾಲಿಗೆ ನೆಲ ಸೋಕಿದಾಗ... ಕೂಡಿಸಿದ ಎಪಾಕ್ಸಿ ಬೆಚ್ಚಗಿರುತ್ತದೆ. ಇದು ಬಾವಿಯ ತಳದಂತೆ ತಣ್ಣಗಿತ್ತು. ರಾಜೇಸಾಬನ ಕೈ ಸಿಕ್ಕಿತು. ಎಳೆದೆ. ಬರಲಿಲ್ಲ. ಕೆಳಗಿನಿಂದ ಯಾರೋ ಅಷ್ಟೇ ಜೋರಾಗಿ ಎಳೆಯುತ್ತಿದ್ದರು. ಅವರಿಗೆ ಅವಸರವೇ ಇರಲಿಲ್ಲ, ಅದೇ ನನ್ನ ಜೀವ ಹಿಂಡಿತು. ಕಣ್ಣು ಮುಚ್ಚಿ, ಬಾಯಿಗೆ ಬಂದ ದೇವರ ಹೆಸರೆಲ್ಲ ಕೂಗಿ ಮತ್ತೊಮ್ಮೆ ಎಳೆದೆ...

ಇಬ್ಬರೂ ಹೊಸ್ತಿಲ ಹೊರಗೆ ಬಿದ್ದಿದ್ದೆವು. ಹೇಗೆ ಬಂದೆವು, ನೆನಪಿಲ್ಲ. ಸದ್ದು ಇರಲಿಲ್ಲ. ನಾಯಿಯೊಂದು ದೂರದಲ್ಲಿ ಬೊಗಳುತ್ತಿತ್ತು. ಶಟರು ಎಳೆಯುವ ಧೈರ್ಯವೂ ಇಲ್ಲದೆ, ಬಸ್ ಸ್ಟ್ಯಾಂಡಿಗೆ ಹೋಗಿ ಬೆಳಕಾಗುವ ತನಕ ಜನರ ನಡುವೆ ಕೂತೆವು. ಒಂದು ಮಾತೂ ಆಡಲಿಲ್ಲ.

ಬೆಳಿಗ್ಗೆ ಸಾವಕಾರರ ಫೋನು. ನೆಲ ಹಾಳಾಗಿರುತ್ತದೆ, ಏನು ಹೇಳಲಿ ಎಂದುಕೊಳ್ಳುತ್ತ ಎತ್ತಿದೆ.

"ಬಸವರಾಜ, ಭಾಳ ಛಲೋ ಆಗೇತ್ರಿ! ಕನ್ನಡಿ ಆಗೇತಿ ಕನ್ನಡಿ! ಬಂದು ನೋಡ್ರಿ."

ಹೋಗಿ ನೋಡಿದೆವು. ಹೆಜ್ಜೆ ಗುರುತಿಲ್ಲ. ಗುಳ್ಳೆಯಿಲ್ಲ. ಚಪ್ಪಲಿ ಕಚ್ಚಿಕೊಂಡ ಜಾಗದಲ್ಲಿ ಒಂದು ಗೀರೂ ಇಲ್ಲ... ಚಪ್ಪಲಿಯೇ ಇಲ್ಲ. ನನ್ನ ಒಂದು ಕಾಲು ಮಾತ್ರ ಬರಿದಾಗಿತ್ತು. ಮುಳ್ಳಿನ ಬೂಟುಗಳು ಹೊಸ್ತಿಲ ಹೊರಗೆ ಜೋಡಿಸಿಟ್ಟಂತೆ ಇದ್ದವು. ಮೊಳೆಗಳಿಗೆ ಒಂದು ಹನಿ ಬಣ್ಣವೂ ಅಂಟಿರಲಿಲ್ಲ.

"ಸಾವಕಾರ್ರ, ಇಲ್ಲೆ ಯಾರರ... ತೀರಿಕೊಂಡಿದ್ರೇನ್ರಿ?" ಎಂದು ಕೇಳಿಯೇಬಿಟ್ಟೆ.

ಅವರು ನಕ್ಕರು. "ಯಾರೂ ಇಲ್ರಿ. ಇಲ್ಲೆ ನೇಯ್ದವರೆಲ್ಲಾ ಸ್ವಂತ ಮನಿ ಕಟ್ಟಿಕೊಂಡು ಆರಾಮ ಅದಾರ. ಯಾಕ?"

ಸುಮ್ಮನೆ ಕೇಳಿದೆ ಎಂದು ಸಾಮಾನು ಕಟ್ಟತೊಡಗಿದೆ. ಎಪಾಕ್ಸಿಯ ಹೊಗೆ ತಲೆಗೇರಿರಬೇಕು ಎಂದು ನೀವು ಹೇಳುತ್ತೀರಿ. ನಾನೂ ಹಾಗೇ ಅಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ, ವಾಪಸು ಬರುವಾಗ ಗುಡೂರಿನಲ್ಲಿ ಚಹಾಕ್ಕೆ ನಿಲ್ಲದಿದ್ದರೆ.

ಚಹಾ ಕುಡಿಯುತ್ತ ನಾನೇ ಮಾತು ತೆಗೆದೆ. "ನಿನ್ನ ಎಳಿಯೂದ್ರಾಗ ನನ್ನ ಜೀವ ಹೋಗಿತ್ತಲೇ."

ರಾಜೇಸಾಬ ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದ.

"ನೀ ನನ್ನ ಎಳದಿ?"

"ಮತ್ತ್ಯಾರು? ನಡುವ ಸಿಕ್ಕಿದ್ದು ನೀನ ಅಲ್ಲೇನು?"

"ಬಸು... ನಾ ಹೊಸ್ತಿಲದಾಗ ಇದ್ದೆ. ಬೂಟು ಕಟ್ಟಿಕೊಂಡು ಒಳಗ ಹೋದಂವ ನೀನು. ಎಷ್ಟು ಒದರಿದ್ರೂ ತಿರುಗಲಿಲ್ಲ. ನಟ್ಟನಡುವ ನೆಲದ ಮ್ಯಾಲ ಕುಂತಿ. ಮೊಣಕಾಲು ತನಕ ಒಳಗಿದ್ದಿ."

ನನಗೆ ನಗು ಬರಲಿಲ್ಲ. ಅವನು ತಮಾಷೆ ಮಾಡುವಾಗ ಹೇಗಿರುತ್ತಾನೆಂದು ನನಗೆ ಗೊತ್ತು. ಇದು ತಮಾಷೆಯಲ್ಲ.

"ನಾ ಬಂದು ಕೈ ಹಿಡದೆ. ಆಗ ನೀ ಏನಂದಿ ಗೊತ್ತೈತೇನು? 'ತಡೀ ರಾಜಾ, ಇನ್ನ ಸ್ವಲ್ಪ ಐತಿ, ಸೆರಗು ಮುಗಿಸಿ ಬರ್ತೇನಿ' ಅಂದಿ."

ನಮ್ಮ ಮನೆತನದಲ್ಲಿ ಯಾರೂ ನೇಕಾರರಲ್ಲ. ಮಗ್ಗದ ಮುಂದೆ ನಾನು ಹುಟ್ಟಿದಾಗಿನಿಂದ ಕೂತವನಲ್ಲ.

ಅವನು ತನ್ನ ಮಾತು ಬಿಟ್ಟಿಲ್ಲ, ನಾನು ನನ್ನದನ್ನು ಬಿಟ್ಟಿಲ್ಲ. ಇಬ್ಬರೂ ಆಣೆ ಮಾಡಿದ್ದೇವೆ. ಕೆಲಸವನ್ನೂ ಬಿಟ್ಟಿಲ್ಲ, ಬೇರೆ ಏನು ಬರುತ್ತದೆ ನಮಗೆ? ಆದರೆ ಈಗ ಹಸಿ ನೆಲಕ್ಕೆ ಒಬ್ಬ ಇಳಿದರೆ, ಇನ್ನೊಬ್ಬ ಬಾಗಿಲಲ್ಲಿ ನಿಂತು ಅವನ ಹೆಸರು ಹಿಡಿದು ಕೂಗುತ್ತಲೇ ಇರುತ್ತಾನೆ. ನೋಡಿದವರು ನಗುತ್ತಾರೆ. ನಗಲಿ. ಒಳಗಿನಿಂದ "ಹೂಂ" ಎಂದು ಬಂದರೂ, ರಾಜೇಸಾಬ ತಿರುಗಿ ಮುಖ ತೋರಿಸುವ ತನಕ ನಾನು ಉಸಿರು ಬಿಡುವುದಿಲ್ಲ.