ಲಾರಿಯ ಮೈಮೇಲೆ ಒಂದು ಗೆರೆ

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಹಲ್ಲಪ್ಪ ತನ್ನ ಪುಟ್ಟ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡ. ಹೊರಗೆ ಮಗಳು ಕಾಯುತ್ತಿದ್ದಳು. ಮೇಜಿನ ಮೇಲೆ ಅವನೇ ಕಟ್ಟಿದ ಒಂದು ಗೇಣುದ್ದದ ಮಾದರಿ ಲಾರಿ ನಿಂತಿತ್ತು. ಅದರ ಮೈಮೇಲೆ ಮುಂದಿನ ದೀಪದಿಂದ ಹಿಂದಿನ ತುದಿಯವರೆಗೆ ಕೂದಲೆಳೆಯಂಥ ಒಂದು ಬಿಳಿ ಗೆರೆ ಎಳೆಯಬೇಕು, ಅಷ್ಟೇ. ಗೆರೆ ನೆಟ್ಟಗೆ ಬಂದರೆ ಮಗಳು ಡಾಕ್ಟರ ಮಾತು ಇನ್ನು ಎತ್ತುವಂತಿಲ್ಲ. ಅಲುಗಾಡಿದರೆ ಅವನು ತೆಪ್ಪಗೆ ಅವಳ ಹಿಂದೆ ನರದ ಡಾಕ್ಟರ ಹತ್ತಿರ ಹೋಗಬೇಕು. ಪಂಥ ಕಟ್ಟಿದವನು ಅವನೇ. ಜಂಬದ ಮನುಷ್ಯ, ಬಾಯಿ ಸುಮ್ಮನಿರಬೇಕಲ್ಲ.

ಹಲ್ಲಪ್ಪ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ. ಕಟ್ಟುವ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಕೂತವನಿಗೆ ಜೊತೆಯವರು ಅಂಟಿಸಿದ್ದು. ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ಕಳಿಸುತ್ತಾರೆ, ಇವನು ಮೇಣದಲ್ಲಿ ಹಲ್ಲು ಕೆತ್ತುತ್ತಾನೆ, ಅದು ಲೋಹವೋ ಪಿಂಗಾಣಿಯೋ ಆಗಿ ಯಾರದೋ ಬಾಯಿ ಸೇರುತ್ತದೆ. ಎಷ್ಟೋ ಜನ ಇವನು ಮಾಡಿದ ಹಲ್ಲು ಬಿಟ್ಟು ನಗುತ್ತಾರೆ, ಒಬ್ಬರಿಗೂ ಇವನ ಮುಖ ಗೊತ್ತಿಲ್ಲ. ದವಡೆ ಹಲ್ಲಿನ ಮೇಲಿನ ಹಳ್ಳದಿಣ್ಣೆಗಳನ್ನು ಇವನ ಹಾಗೆ ಕೆತ್ತುವವರು ಇನ್ನೊಬ್ಬರಿಲ್ಲ ಎಂದು ಲ್ಯಾಬಿನವರೆಲ್ಲ ಹೇಳುತ್ತಿದ್ದರು. ಇವನೂ ಹೇಳುತ್ತಿದ್ದ, ದಿನಕ್ಕೆ ಎರಡು ಸಲ.

ಆ ಕೈಚಳಕದ ಮಿಕ್ಕ ಪಾಲೆಲ್ಲ ಮನೆಯಲ್ಲಿ ಲಾರಿಗೆ ಹೋಗುತ್ತಿತ್ತು. ಡಬ್ಬದಲ್ಲಿ ಬರುವ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಡಬ್ಬದ ಮೇಲಿನ ಚಿತ್ರದಂತೆ ಜೋಡಿಸಿ ಚಪ್ಪಾಳೆ ಗಿಟ್ಟಿಸುವ ಜಾತಿಯವನಲ್ಲ ಇವನು. ಹಳೇ ಕಾಲದ ಲಾರಿಯ ತಲೆಯನ್ನು ಗರಗಸದಿಂದ ಕತ್ತರಿಸಿ ಚಾವಣಿಯನ್ನು ಅರ್ಧ ಬೆರಳು ತಗ್ಗಿಸಿದ್ದ. ಮೂತಿ ನೆಲಕ್ಕೆ ತಾಗುವಂತೆ ಮುಂಭಾಗ ಇಳಿಸಿ, ಹಿಂದೆ ದಪ್ಪ ದಪ್ಪ ಗಾಲಿ ಹಾಕಿದ್ದ. ಬಾನೆಟ್ ಕಿತ್ತೆಸೆದು ಎಂಜಿನ್ನನ್ನು ಜಗತ್ತಿಗೆಲ್ಲ ಕಾಣುವಂತೆ ಬಿಟ್ಟಿದ್ದ. ವಕ್ರ ಹಲ್ಲು ಸರಿಮಾಡುವ ತಂತಿಯೇ ಹೊಗೆಕೊಳವೆಯಾಯಿತು, ಮುಂದಿನ ಜಾಲರಿ ಲ್ಯಾಬಿನ ಕುಲುಮೆಯಲ್ಲೇ ಎರಕವಾಯಿತು. ಮೈಗೆ ಏಳು ಸಲ ಕಡುಕೆಂಪು ಬಣ್ಣ ಹೊಡೆದು, ಏಳು ಸಲವೂ ನೀರು ಹಾಕಿ ಉಜ್ಜಿದ್ದ. ಹೆಂಡತಿ ಅದಕ್ಕೆ ಸವತಿ ಎಂದೇ ಹೆಸರಿಟ್ಟಿದ್ದಳು. "ಸವತಿಗೆ ಸ್ನಾನ ಆಯ್ತೇನ್ರೀ? ಆಗಿದ್ರೆ ನೀವೂ ಒಂದು ಚೊಂಬು ಹುಯ್ಕೊಳ್ಳಿ," ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದಳು.

ಕೈ ಮೊದಲು ನಡುಗಿದ್ದು ಆರು ತಿಂಗಳ ಹಿಂದೆ, ಈ ಲಾರಿಯ ಕನ್ನಡಿ ಕೂರಿಸುವಾಗ. ಅಕ್ಕಿಕಾಳಿಗಿಂತ ಚಿಕ್ಕ ಕನ್ನಡಿ ಚಿಮಟದ ತುದಿಯಿಂದ ಚಿಮ್ಮಿ ನೆಲಕ್ಕೆ ಬಿತ್ತು. ಎರಡನೆಯದೂ ಬಿತ್ತು. ಚಿಮಟ ಹಾಳಾಗಿದೆ ಎಂದು ಹೊಸದು ತಂದ. ಹೊಸದೂ ಹಾಗೇ ಮಾಡಿದಾಗ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದ. ಸುಮ್ಮನೆ ಇಟ್ಟಾಗಲೂ ಹೆಬ್ಬೆರಳು ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು.

ಅದನ್ನು ಅವನು ಯಾರಿಗೂ ಹೇಳಲಿಲ್ಲ. ಆದರೆ ಮಗಳು ಅದೇ ಲ್ಯಾಬಿನಲ್ಲಿ ಪಕ್ಕದ ಮೇಜಿನವಳು, ಪಿಂಗಾಣಿ ಹಲ್ಲಿಗೆ ಬಣ್ಣ ಕೂರಿಸುವ ಕೆಲಸ. ಅವಳ ಕಣ್ಣಿಗೆ ಮಣ್ಣೆರಚುವುದು ಹೇಗೆ? ಒಂದು ದಿನ ಬಸ್ಸಿಗೆ ಕಾಯುವಾಗ ಮೆಲ್ಲಗೆ ಶುರುಮಾಡಿದಳು.

"ಅಪ್ಪ, ನರದ ಡಾಕ್ಟ್ರಿಗೆ ಒಂದ್ಸಲ ತೋರಿಸೋಣ."

"ಯಾಕೆ? ನನ್ನ ಕೈಗೆ ಏನಾಗಿದೆ?"

"ನಾನು ಕೈ ಅಂತ ಅಂದೇ ಇಲ್ಲವಲ್ಲ."

ಹಲ್ಲಪ್ಪನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಕೆಳಗಿದ್ದದ್ದು ಭಯ. ಡಾಕ್ಟರು ಆ ರೋಗಕ್ಕೊಂದು ಹೆಸರು ಹೇಳುತ್ತಾರೆ, ಹೆಸರು ಲ್ಯಾಬಿನ ಯಜಮಾನಿಯ ಕಿವಿಗೆ ಬಿದ್ದ ದಿನ ಕಿಟಕಿ ಪಕ್ಕದ ತನ್ನ ಕೆಲಸದ ಕುರ್ಚಿ ಕೈತಪ್ಪುತ್ತದೆ. ಆ ಕುರ್ಚಿ ಬಿಟ್ಟರೆ ತಾನು ಯಾರು ಎಂಬುದೇ ಅವನಿಗೆ ತಿಳಿಯದು. "ಆರು ತಿಂಗಳಲ್ಲಿ ನನ್ನ ಒಂದು ಹಲ್ಲು ವಾಪಸ್ ಬಂದಿದೆಯಾ ಹೇಳು ನೋಡೋಣ," ಎಂದ. ಮಗಳು ತುಟಿ ಕಚ್ಚಿ ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದಳು. ಗೆದ್ದೆ ಎಂದುಕೊಂಡು ಆ ಹುಮ್ಮಸ್ಸಿನಲ್ಲೇ ಪಂಥ ಕಟ್ಟಿಬಿಟ್ಟ.

ಇಂಥ ಲಾರಿ ಕಟ್ಟುವವರಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಬೇರೆ ಎಲ್ಲದಕ್ಕೂ ಅಂಟುಪಟ್ಟಿ, ಅಚ್ಚು, ಯಂತ್ರ ಏನು ಬೇಕಾದರೂ ಬಳಸು, ಆದರೆ ಮೈಮೇಲಿನ ಕೊನೆಯ ಗೆರೆ ಮಾತ್ರ ಉದ್ದ ಕೂದಲಿನ ಕುಂಚದಿಂದ ಬರಿಗೈಯಲ್ಲಿ, ಒಂದೇ ಉಸಿರಿನಲ್ಲಿ ಬರಬೇಕು. ಪಟ್ಟಿ ಅಂಟಿಸಿ ಗೆರೆ ಹೊಡೆದವನನ್ನು ಜೊತೆಯವರು ಮಾತನಾಡಿಸುವುದಿಲ್ಲ. ಯಾರಾದರೂ ನೋಡುತ್ತಿದ್ದರೆ ತನಗೆ ಗೆರೆ ಬರುವುದಿಲ್ಲ ಎಂಬ ನೆಪ ಹೇಳಿ ಹಲ್ಲಪ್ಪ ಬಾಗಿಲು ಹಾಕಿಕೊಂಡದ್ದು. ಮಗಳು ಅದನ್ನು ಒಪ್ಪಿದ್ದಳು.

ಮೊದಲು ಹಳೇ ತಗಡಿನ ಡಬ್ಬದ ಮೇಲೆ ಎಳೆದು ನೋಡಿದ. ಮೊಣಕೈ ಮೇಜಿಗೆ ಒತ್ತಿ, ಕಿರುಬೆರಳು ಊರಿ, ಉಸಿರು ಬಿಗಿಹಿಡಿದು ಎಳೆದ. ಎರಡು ಅಂಗುಲ ಹೋಗುವಷ್ಟರಲ್ಲಿ ಗೆರೆ ಕೆರಳಿದ ಇರುವೆಯಂತೆ ಅತ್ತಿತ್ತ ಓಡಿತು. ಇನ್ನೊಮ್ಮೆ ಎಳೆದ, ಇನ್ನೂ ಕೆಟ್ಟದಾಗಿ ಬಂತು. ಕತ್ತಿನ ಹಿಂದೆ ಬೆವರು ಇಳಿಯಿತು. ಗಡಿಯಾರದಲ್ಲಿ ಹತ್ತಾಗಲು ಹತ್ತು ನಿಮಿಷವಿತ್ತು, ಹೊರಗೆ ಮಗಳು ಇಪ್ಪತ್ತು ನಿಮಿಷದಿಂದ ಕಾಯುತ್ತಿದ್ದಳು.

ಆಗ ಮೇಜಿನ ಕೆಳಗಿನ ಚೀಲಕ್ಕೆ ಕೈ ಹಾಕಿದ. ಅದರೊಳಗೆ ಏನಿದೆ ಎಂಬುದು ಅವನಿಗೆ ಶನಿವಾರ ಸಂಜೆಯಿಂದಲೂ ಗೊತ್ತಿತ್ತು, ತಂದವನು ಅವನೇ. ಹಲ್ಲಿನ ಅಚ್ಚನ್ನು ಪರೀಕ್ಷಿಸುವ ಲ್ಯಾಬಿನ ಸ್ಟ್ಯಾಂಡು. ಅದರ ತೋಳಿನಲ್ಲಿ ಸೂಜಿ ನೆಟ್ಟಗೆ ಕೆಳಮುಖವಾಗಿ ನಿಂತಿರುತ್ತದೆ, ಅಲ್ಲಾಡುವುದಿಲ್ಲ. ಅಚ್ಚು ಇಟ್ಟ ತಟ್ಟೆಯನ್ನೇ ಅದರ ಕೆಳಗೆ ಸರಿಸಬೇಕು. ಸೂಜಿಯ ಜಾಗಕ್ಕೆ ಕುಂಚ ಬಿಗಿದ. ಲಾರಿಯನ್ನು ಜೇಡಿಮಣ್ಣಿನ ಹಾಸಿನ ಮೇಲೆ ಮಗ್ಗುಲಾಗಿ ಮಲಗಿಸಿ, ತಟ್ಟೆಯನ್ನು ಉಕ್ಕಿನ ಅಳತೆಪಟ್ಟಿಗೆ ಆನಿಸಿ, ಎರಡೂ ಅಂಗೈ ಭಾರ ಹಾಕಿ ಸರಿಸತೊಡಗಿದ. ಇಷ್ಟು ಭಾರದಲ್ಲಿ ನಡುಕಕ್ಕೆ ಜಾಗವಿರಲಿಲ್ಲ.

ಗೆರೆ ಲಾರಿಯ ಬಾಗಿಲನ್ನು ಅರ್ಧ ದಾಟಿತ್ತು. ಅಷ್ಟರಲ್ಲಿ ಕೋಣೆಯ ಬಾಗಿಲ ಹಿಡಿ ಕಟಕಟ ಎಂದಿತು.

"ಅಪ್ಪ, ಆಯ್ತಾ?"

ನಿಲ್ಲಿಸಿದರೆ ಕುಂಚದ ತುದಿಯಲ್ಲಿ ಬಣ್ಣ ಗಂಟುಕಟ್ಟುತ್ತದೆ, ಉತ್ತರ ಕೊಟ್ಟರೆ ಉಸಿರು ತಪ್ಪುತ್ತದೆ. ಹಲ್ಲುಕಚ್ಚಿ ಸರಿಸಿದ. ಹಿಂದಿನ ತುದಿ ಬಂತು. ಕುಂಚ ಎತ್ತಿ, ಸ್ಟ್ಯಾಂಡನ್ನು ಮೇಜಿನ ಕೆಳಗೆ ತಳ್ಳಿ ಬಟ್ಟೆ ಮುಚ್ಚಿ, ಲಾರಿಯನ್ನು ನಿಲ್ಲಿಸಿ ಚಿಲಕ ತೆಗೆದ.

ಮಗಳು ಕಣ್ಣಿಗೆ ಲ್ಯಾಬಿನ ಭೂತಗನ್ನಡಿ ಸಿಕ್ಕಿಸಿಕೊಂಡೇ ಒಳಗೆ ಬಂದಳು. ಲಾರಿಯ ಮುಂದೆ ಮಂಡಿಯೂರಿ, ಗೆರೆಯ ಈ ತುದಿಯಿಂದ ಆ ತುದಿಗೆ ಹೋದಳು, ಆ ತುದಿಯಿಂದ ಮತ್ತೆ ಈ ತುದಿಗೆ ಬಂದಳು. ಹಲ್ಲಪ್ಪ ಬಲಗೈಯನ್ನು ಜೇಬಿನಲ್ಲಿ ಮುಷ್ಟಿ ಕಟ್ಟಿ ನಿಂತಿದ್ದ. ಸಿಕ್ಕಿಬಿದ್ದೆ ಎಂದೇ ಅವನ ಲೆಕ್ಕ. ಭೂತಗನ್ನಡಿ ತೆಗೆದಾಗ ಅವಳ ಕಣ್ಣು ತುಂಬಿತ್ತು.

"ನೂಲು ಹಿಡಿದ ಹಾಗಿದೆ ಅಪ್ಪ," ಎಂದಳು. ನಗುತ್ತಿದ್ದಳು, ಅಳುತ್ತಲೂ ಇದ್ದಳು. "ನಾನು ಏನೇನೋ ಅಂದ್ಕೊಂಡು ನಿದ್ದೆಗೆಟ್ಟಿದ್ದೆ. ಬೈಬೇಡ, ಒಂದು ಮಾತು ಹೇಳ್ತೀನಿ. ಆರು ತಿಂಗಳಿಂದ ನೀನು ಊಟಕ್ಕೆ ಎದ್ದ ಮೇಲೆ ನಿನ್ನ ಮೇಜಿನ ಮೇಲಿನ ಹಲ್ಲೆಲ್ಲ ನಾನೇ ತಿದ್ದುತಾ ಇದ್ದೆ."

"ಎಲ್ಲಾನೂವಾ?"

"ಮೊದಮೊದಲು ಒಂದೆರಡು. ಈಚೆಗೆ ಎಲ್ಲಾನೂ. ಬರೀ ಆಯಾಸ ಇರ್ಬೇಕು ಬಿಡು, ಇಷ್ಟು ಚೆನ್ನಾಗಿ ಎಳೆಯೋ ಕೈಗೆ ಇನ್ನೇನಾಗಿರುತ್ತೆ? ನಾಳೆಯಿಂದ ನಾನು ಮುಟ್ಟಲ್ಲ. ಮೂರು ಹಲ್ಲು ಒಟ್ಟಿಗೆ ಕೂಡಿರೋ ಆ ಬ್ರಿಡ್ಜು ಇದೆಯಲ್ಲ, ಅದನ್ನ ನೀನೇ ಮುಗಿಸಿ ಕಳಿಸು."

ಹಲ್ಲಪ್ಪ ಸ್ಟೂಲಿನ ಮೇಲೆ ಕೂತ. ವಾಪಸ್ ಬಾರದ ಆ ಹಲ್ಲುಗಳನ್ನೇ ಗುರಾಣಿಯಂತೆ ಹಿಡಿದುಕೊಂಡು ಅವನು ಇಷ್ಟು ದಿನ ಓಡಾಡಿದ್ದ. ಅವು ಅವನವಲ್ಲ. ತನ್ನ ಊಟ ಆರಿಹೋಗಲು ಬಿಟ್ಟು ಈ ಹುಡುಗಿ ದಿನವೂ ಅಪ್ಪನ ಮಾನ ಕಾದಿದ್ದಳು, ಅವನು ಅವಳಿಗೇ ಟೋಪಿ ಹಾಕಿ ಗೆದ್ದ. ನಾಳೆ ತಿದ್ದುವವರಿಲ್ಲ. ಮೂರು ಹಲ್ಲು ಹಾಗೇ ಹೋಗಿ ಯಾರದೋ ದವಡೆಯಲ್ಲಿ ಕೂರುತ್ತವೆ, ಪ್ರತಿ ತುತ್ತಿಗೂ ಆ ಮನುಷ್ಯ ಕೆನ್ನೆ ಹಿಡಿದುಕೊಳ್ಳುತ್ತಾನೆ. ನಾಚಿಕೆಯಿಂದ ಅವನ ಕಿವಿ ಸುಡತೊಡಗಿತು.

ಬಣ್ಣ ಇನ್ನೂ ಹಸಿಯಾಗಿತ್ತು. ಥಿನ್ನರಿನಲ್ಲಿ ಬಟ್ಟೆ ಅದ್ದಿ ಒಂದೇ ಏಟಿಗೆ ಗೆರೆ ಒರೆಸಿಬಿಟ್ಟ.

"ಅಪ್ಪ! ಏನು ಮಾಡ್ತಿದ್ದೀಯ?"

ಅವನು ಬಗ್ಗಿ ಸ್ಟ್ಯಾಂಡನ್ನು ಹೊರಗೆಳೆದು ಅವಳೆದುರಿಗೆ ಇಟ್ಟ. ತೋಳಿನಲ್ಲಿ ಕುಂಚ ಇನ್ನೂ ಬಿಗಿದೇ ಇತ್ತು. ಮಗಳು ಅದನ್ನು ನೋಡಿದಳು, ಅವನನ್ನು ನೋಡಿದಳು. ಮುಖದ ನಗು ಎಲ್ಲಿ ಹೋಯಿತೋ. ಅವನು ಕುಂಚ ಬಿಚ್ಚಿ ಬಣ್ಣದಲ್ಲಿ ಅದ್ದಿದ.

"ಬೇಡಪ್ಪ," ಎಂದು ಅವಳು ಮುಖ ತಿರುಗಿಸಿದಳು.

"ನೋಡು," ಎಂದ. "ನೀನು ನೋಡ್ಬೇಕು."

ಎಳೆಯತೊಡಗಿದ. ದೀಪದ ಹತ್ತಿರ ನೆಟ್ಟಗಿತ್ತು. ಬಾಗಿಲ ಬಳಿ ಬಳುಕಿತು, ಮುಂದೆ ಏರಿತು, ಇಳಿಯಿತು, ಒಂದು ಕಡೆ ದಪ್ಪವಾಗಿ ಇನ್ನೊಂದು ಕಡೆ ಕಾಣದಂತಾಯಿತು. ಏಳು ಸಲ ಉಜ್ಜಿದ ಕೆಂಪಿನ ಮೇಲೆ ಒಂದೊಂದು ಅಲುಗಾಟವೂ ಎದ್ದು ಕಂಡಿತು. ಎಲ್ಲಿಯೂ ನಿಲ್ಲಿಸದೆ ತುದಿ ಮುಟ್ಟಿಸಿದ.

ಸದ್ದು ಕೇಳಿ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಇಬ್ಬರ ಮುಖವನ್ನೂ ನೋಡಿದಳು, ಆಮೇಲೆ ಲಾರಿಯನ್ನು ನೋಡಿದಳು.

"ಇದೇನ್ರೀ ಸವತಿ ಮೈಮೇಲೆ ಬರೆ? ಯಾರು ಎಳೆದದ್ದು?"

"ನಾನೇ," ಎಂದ ಹಲ್ಲಪ್ಪ. ಜೇಬಿಗೆ ಹೋಗಲಿದ್ದ ಕೈಯನ್ನು ಹೊರಗೇ ತಡೆದು, ಅವಳ ಮುಂದೆ ಚಾಚಿ ಹಿಡಿದ. "ನನ್ನ ಕೈ ನಡುಗುತ್ತೆ ಕಣೇ."