ಗಿಡಕ್ಕೆ ಕಾಸು ಹಾಕುವ ಕಳ್ಳ

ಲಿಯೋಕಾಡಿಗೆ ಎಲ್ಲರ ಮೇಲೂ ಅನುಮಾನ. ಅಂಗಡಿಯವನು ಅಕ್ಕಿ ತೂಗುವಾಗ ತಕ್ಕಡಿ ಬಿಟ್ಟು ಅವನ ಮುಖ ನೋಡುತ್ತಿದ್ದಳು. ಮಗಳು ಮಾರ್ಲೆನ್ ಮದುವೆಯಾಗುತ್ತೇನೆಂದು ಜೆರ್ವೆಯನ್ನು ಕರೆತಂದ ದಿನ ಅವನ ಅಂಗಿ ಇಸ್ತ್ರಿಯಾಗಿದ್ದುದೇ ಅವಳ ಸಂಶಯಕ್ಕೆ ಸಾಕಾಯಿತು. ಡಾಂಬರು ಹಾಕುವವನಿಗೆ ಇಷ್ಟು ಬೆಳ್ಳಗಿನ ಅಂಗಿ ಯಾಕೆ?

ಅವಳು ನಂಬಿದ್ದು ಹಿತ್ತಿಲಿನ ಫಾಹಾಂ ಗಿಡಗಳನ್ನು ಮಾತ್ರ. ರೀಯೂನಿಯನ್ ದ್ವೀಪದ ಕಾಡಿನಲ್ಲಿ ಮರ ಹಿಡಿದು ಬೆಳೆಯುವ ಸೀತಾಳೆ, ಅಂದರೆ ಆರ್ಕಿಡ್ ಜಾತಿ ಅದು. ಕಾಡಿನದನ್ನು ಮುಟ್ಟಬಾರದೆಂದು ಸರ್ಕಾರದ ಅಪ್ಪಣೆ. ಹಾಗಾಗಿ ಸಸಿಗಳನ್ನು ಪಾಚಿಯೊಡನೆ ಹಿತ್ತಿಲ ಮರಗಳಿಗೆ ಬಟ್ಟೆಪಟ್ಟಿಯಿಂದ ಕಟ್ಟಿ, ಬೇರು ತೊಗಟೆ ಕಚ್ಚುವ ತನಕ ಕೂಸಿನಂತೆ ಕಾದಿದ್ದಳು. ಹೂವು ಬೆಳ್ಳಗೆ ಚೆಂದವೇ, ಆದರೆ ಊರಿಗೆ ಬೇಕಾದ್ದು ಎಲೆ. ಅದರ ಕಷಾಯಕ್ಕೆ ಕಟ್ಟಿದ ಎದೆ ಸಡಿಲವಾಗುತ್ತದೆ. ಹಸಿ ಎಲೆಗೆ ವಾಸನೆಯೇ ಇಲ್ಲ. ಒಣಗಿದರೆ ಮಾತ್ರ ಎಲ್ಲಿ ಬಚ್ಚಿಟ್ಟರೂ ಘಮ್ಮೆನ್ನುತ್ತದೆ.

ಉಸಿರಿಗೆ ಕಷ್ಟವಾದವರೆಲ್ಲ ಅವಳ ಬಾಗಿಲಿಗೆ ಬರುತ್ತಿದ್ದರು, ತಂಗಿ ಅರ್ನೆಸ್ತಿನ್ ಒಬ್ಬಳನ್ನು ಬಿಟ್ಟು. ಅಮ್ಮನ ಹೆಣದ ಮುಂದೆ, ನೆಂಟರೆದುರಿಗೆ, "ನಿನ್ನ ಕಷಾಯಾನೇ ಅಮ್ಮನ್ನ ತಗೊಂಡ್ಹೋಯ್ತು" ಅಂದಿದ್ದಳು ಅರ್ನೆಸ್ತಿನ್. ಅಲ್ಲಿಂದ ಮಾತಿಲ್ಲ. "ಅವಳು ಉಸಿರು ಕಟ್ಟಿ ಸತ್ರೂ ಒಂದೆಲೆ ಕೊಡಲ್ಲ" ಎಂದು ಲಿಯೋಕಾಡಿ ಸಾರಿದ್ದು ಊರಿಗೆಲ್ಲ ಗೊತ್ತು.

ಆ ದ್ವೀಪಕ್ಕೆ ಜುಲೈ ಎಂದರೆ ಚಳಿಗಾಲ. ಈ ಸಲದ ಚಳಿಯಲ್ಲಿ ಫಾಹಾಂ ಎಲೆಗಳು ಕಾಣೆಯಾಗತೊಡಗಿದವು. ಬಲಿತವನ್ನೇ ಆರಿಸಿ ಯಾರೋ ಉಗುರಿನಿಂದ ಚಿವುಟಿದ್ದರು. ಅದಕ್ಕಿಂತ ವಿಚಿತ್ರವೆಂದರೆ ಪ್ರತಿ ಸಲವೂ ಮರದ ಬುಡದಲ್ಲಿ ಒಂದು ಹಳದಿ ನಾಣ್ಯ. ಮದ್ದಿನ ಎಲೆ ಕೀಳುವ ಮುಂಚೆ ಗಿಡಕ್ಕೆ ಕಾಸು ಹಾಕಿ ಅಪ್ಪಣೆ ಕೇಳುವುದು ಮದ್ದು ಕೊಡುವವರ ಪದ್ಧತಿ. ರಮ್ ಮದ್ಯಕ್ಕೆ ಘಮ ಬರಲೆಂದು ಎಲೆ ಕದಿಯುವ ಪೋಲಿಗಳು ಗಿಡದ ಅಪ್ಪಣೆ ಕೇಳುತ್ತಾರೆಯೇ?

"ಗಿಡಕ್ಕೆ ಕಾಸು, ನಂಗೆ ಟೋಪಿ!" ಊಟದ ಮೇಜಿನಲ್ಲೇ ಸಿಡಿದಳು. "ಇದು ಮನೆಯವರದೇ ಕೆಲ್ಸ. ನಿನ್ನ ಗಂಡಂದೇ."

"ಅಮ್ಮಾ, ಅವ್ರಿಗೆ ಫಾಹಾಂ ಯಾವ್ದು ಹುಲ್ಲು ಯಾವ್ದು ಅಂತ್ಲೂ ಗೊತ್ತಿಲ್ಲ," ಎಂದಳು ಮಾರ್ಲೆನ್.

"ಹೆಂಡ್ತಿ ಹೇಳ್ಕೊಟ್ರೆ ಗೊತ್ತಾಗತ್ತೆ. ಸಿಕ್ಕಿಬೀಳ್ಲಿ, ಅವತ್ತೇ ಅವನ ಗಂಟುಮೂಟೆ ರಸ್ತೇಲಿರತ್ತೆ."

ಜೆರ್ವೆ ತಲೆಯೆತ್ತದೆ ಅನ್ನದ ಮೇಲೆ ಕಾಳಿನ ಸಾರು ಹಾಕಿಕೊಂಡ. ಆ ತಗ್ಗಿದ ತಲೆಯೂ ಅವಳಿಗೆ ಸಾಕ್ಷಿಯಂತೆ ಕಂಡಿತು. ಅವನು ಮಲಗಿದ್ದಾಗ ಕೋಟಿನ ಜೇಬು ಮೂಸಿದಳು, ಬರೀ ಡಾಂಬರು. ಛೆ!

ಹಾಗಾದರೆ ಊರನ್ನೇ ಮೂಸುವುದೆಂದು ತೀರ್ಮಾನಿಸಿದಳು. ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಡುವುದು ಎಲ್ಲರ ರೂಢಿ. ಯಾರನ್ನೂ ಹತ್ತಿರ ಸೇರಿಸದ ಲಿಯೋಕಾಡಿ ಅಂದು ಒಬ್ಬರನ್ನೂ ಬಿಡಲಿಲ್ಲ. ಕಟುಕನಲ್ಲಿ ಬೆಳ್ಳುಳ್ಳಿ, ಟೀಚರಮ್ಮನಲ್ಲಿ ಸೆಂಟು. "ಮುದುಕೀಗೆ ಇವತ್ತೇನಪ್ಪಾ ಇಷ್ಟು ಪ್ರೀತಿ!" ಎಂದು ಜನ ನಕ್ಕರು.

ಆಗ ಬಂತು ಆ ಘಮ. ಮೆಟ್ಟಿಲ ಪಕ್ಕದ ಬೆಂಚಿನಿಂದ. ಅಲ್ಲಿ ಶಾಲು ಹೊದ್ದು ಕುಳಿತವಳು ಅರ್ನೆಸ್ತಿನ್.

ಕಳ್ಳಿ ಸಿಕ್ಕಳು! ಲಿಯೋಕಾಡಿಯ ಎದೆ ಖುಷಿಯಿಂದ ಹೊಡೆದುಕೊಂಡಿತು. ಖಾತ್ರಿ ಮಾಡಿಕೊಳ್ಳಲು ಬಾಗಿ ತಂಗಿಯ ಕೆನ್ನೆಗೆ ಮುಖ ತಂದಳು. ಶಾಲಿನ ತುಂಬ ಫಾಹಾಂ ಘಮ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಅರ್ನೆಸ್ತಿನ್ ಎರಡೂ ಕೈಯಿಂದ ಅವಳ ಕುತ್ತಿಗೆ ತಬ್ಬಿದಳು.

"ಬಂದ್ಯಾ ಅಕ್ಕಾ! ನೀನು ಎಲೆ ಕಳ್ಸಿದ್ದೀಯ ಅಂತ ಜೆರ್ವೆ ತಂದ್ಕೊಟ್ಟಾಗ ನಾನು ನಂಬ್ಲೇ ಇಲ್ಲ. ನಾನೂ ನಿನ್ನ ತಂಗೀನೇ ಅಲ್ವಾ, ನಂಗೂ ಅನುಮಾನ, ವಿಷ ಇರ್ಬೋದು ಅಂದ್ಕೊಂಡೆ. ಕುಡಿದ್ಮೇಲೇ ರಾತ್ರಿ ಮಲಗೋಕಾಗಿದ್ದು."

ಅವಳ ಎದೆಯೊಳಗೆ ಹಳೇ ತಿದಿಯ ಹಾಗೆ ಗೊರಗೊರ. ಗೇಟಿನ ಬಳಿ ಜೆರ್ವೆ ಟೋಪಿ ಹಿಂಡುತ್ತಾ ನಿಂತಿದ್ದ. ಅವನ ಜೇಬು ದಾಟಿದ್ದು ಹಸಿ ಎಲೆ! ವಾಸನೆ ಎಲ್ಲಿಂದ ಬರಬೇಕು? ತನ್ನ ಅನುಮಾನ ನಿಜವಾಗಿದ್ದಕ್ಕೆ ಲಿಯೋಕಾಡಿಗೆ ಸಂತೋಷವಾಗಲಿಲ್ಲ, ನಾಚಿಕೆಯಾಯಿತು.

"ಎಲೆ ಇನ್ನೂ ಇದ್ಯಾ?" ಎಂದಷ್ಟೇ ಕೇಳಿದಳು.

"ಇವತ್ತಿಗೆ ಮುಗೀತು."

ಮನೆ ಸೇರಿದವನೇ ಜೆರ್ವೆ, "ಅತ್ತೆ, ಗಂಟುಮೂಟೆ ಕಟ್ಕೊಳ್ತೀನಿ" ಎಂದ. ಅವಳು ಗೂಟದಲ್ಲಿ ತೂಗುತ್ತಿದ್ದ ಕತ್ತರಿಯನ್ನು ಅವನ ಕೈಗಿಟ್ಟಳು.

"ಉಗುರಲ್ಲಿ ಚಿವುಟಿದ್ರೆ ಗಿಡ ಕೊಳೆಯತ್ತೆ. ಇದ್ರಲ್ಲಿ ಕತ್ತರ್ಸು."

"ಮತ್ತೆ ಕಾಸು?"

"ಹಾಕು. ಗಿಡಾನ ಕೇಳ್ದೆ ಕೀಳ್ಬಾರ್ದು." ಬಾಗಿಲ ತನಕ ಹೋಗಿ, ತಿರುಗದೆಯೇ ಅಂದಳು: "ನನ್ನ ಕೇಳ್ದಿದ್ದು ಒಳ್ಳೇದಾಯ್ತು. ಕೇಳಿದ್ರೆ ಕೊಡ್ತಿರ್ಲಿಲ್ಲ."